ಅಮ್ಮನ ಪಾಸ್‌ಪೋರ್ಟು

ಪ್ರವಾಸ ಕಥನಗಳೆಲ್ಲ ಸಾಮಾನ್ಯವಾಗಿ ವಿಮಾನವೇರಿದ ಮೇಲೆಯೇ ಪ್ರಾರಂಭವಾಗುತ್ತವೆ. ಅದಕ್ಕೆ ಮುಂಚೆ ಇನ್ನೊಂದು ಪ್ರವಾಸವಿದೆ. ಅದು ಮನೆಯ ಟ್ರಂಕಿನಿಂದ ಹೊರಟು, ಊರ ಶಾಲೆಯ ಬೀರುವನ್ನು ಹಾದು, ಪಾಸ್‌ಪೋರ್ಟ್ ಕೇಂದ್ರದ ಮೇಜಿನವರೆಗೆ ನಡೆಯುತ್ತದೆ. ಈ ವರ್ಷ ನಮ್ಮ ಮನೆಯವರು ಆ ಪ್ರವಾಸವನ್ನು ಮುಗಿಸಿದರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಅರ್ಜಿ ತುಂಬುವ ಭಾರ ನನ್ನ ಮೇಲೆ ಬಿತ್ತು. ಆಗ ತಿಳಿದುಬಂದುದನ್ನು ಸಹಪಾಠಿಗಳಿಗೂ ಗುರುಗಳಿಗೂ ಅರಿಕೆ ಮಾಡಿಕೊಳ್ಳುವುದಷ್ಟೇ ಇಲ್ಲಿನ ಉದ್ದೇಶ.

ಅಕ್ಕ ಮದುವೆಯಾಗಿ ಶಾರ್ಜಾದಲ್ಲಿದ್ದಾಳೆ. ಚೊಚ್ಚಲು ಬಸುರಿ. ವಿಮಾನ ಪ್ರಯಾಣ ಬೇಡವೆಂದು ಅಲ್ಲಿಯ ವೈದ್ಯರು ಹೇಳಿದ್ದರಿಂದ ಅವಳು ತವರಿಗೆ ಬರುವ ಹಾಗಿರಲಿಲ್ಲ. ಬಾಣಂತನಕ್ಕೆ ಅಮ್ಮನೇ ಅಲ್ಲಿಗೆ ಹೋಗಬೇಕೆಂದಾಯಿತು. ಅಮ್ಮ ಒಬ್ಬಳೇ ತಾಲ್ಲೂಕು ಕಚೇರಿಗೂ ಹೋದವಳಲ್ಲ, ಆದುದರಿಂದ ಅಪ್ಪ ಜೊತೆಗೆ. ಹದಿನಾಲ್ಕು ವರ್ಷದ ತಮ್ಮನನ್ನು ಬಿಟ್ಟು ಹೋಗುವಂತಿಲ್ಲ. ಇಂಗ್ಲಿಷ್ ಓದಿ ಹೇಳಲು ನಾನು. ಹೀಗೆ ನಾಲ್ವರಿಗೆ ಪಾಸ್‌ಪೋರ್ಟು ಬೇಕಾಯಿತು.

ಹಿಂದಿನ ಕಾಲದಲ್ಲಿ ಪಾಸ್‌ಪೋರ್ಟೆಂಬುದು ಸರ್ಕಾರ ಮನಸ್ಸು ಮಾಡಿದರೆ ದಯಪಾಲಿಸುವ ವಸ್ತುವಾಗಿತ್ತು. 1967ರ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದೇಶಕ್ಕೆ ಹೋಗಿಬರುವುದು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಸೇರಿದೆ, ಕಾನೂನಿಲ್ಲದೆ ಅದನ್ನು ತಡೆಯಲಾಗದು ಎಂದು ತೀರ್ಪಿತ್ತಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂದಿತು. ರಾಜ್ಯಶಾಸ್ತ್ರದ ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದ ನನಗೆ ಅಮ್ಮನ ಹಕ್ಕಿನ ಬಗೆಗೆ ಲೇಶವೂ ಸಂದೇಹವಿರಲಿಲ್ಲ. ಸಂದೇಹವೆಲ್ಲ ಅಮ್ಮನ ಹೆಸರಿನ ಬಗೆಗೆ ಹುಟ್ಟಿತು.

ಅರ್ಜಿ ಹಾಕುವುದು ಈಗ ಅಷ್ಟು ಕಷ್ಟವಲ್ಲ. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಪ್ರಾಯೋಗಿಕವಾಗಿ ಪ್ರಾರಂಭವಾದ ಕಡೆಗಳಲ್ಲಿ ನಮ್ಮ ಬೆಂಗಳೂರೂ ಒಂದು. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿಯೇ ಅಂಥ ಕೇಂದ್ರವನ್ನು ತೆರೆದಾಗ ಮೊದಲ ಸರದಿಯಲ್ಲಿ ಮೈಸೂರಿತ್ತು. ಅಂತರ್ಜಾಲದಲ್ಲಿ ಅರ್ಜಿ ತುಂಬಿ, ಹಣ ಕಟ್ಟಿ, ದಿನ ಗೊತ್ತುಮಾಡಿಕೊಳ್ಳಬೇಕು. ವಯಸ್ಕರಿಗೆ 1500 ರೂಪಾಯಿ, ಮಕ್ಕಳಿಗೆ 1000. ನಮಗೆ ಒಟ್ಟು 5500 ಆಯಿತು. ಊರಿನಲ್ಲಿ ಒಬ್ಬ ಮಹನೀಯರು ಇದರ ಎರಡರಷ್ಟು ಕೇಳಿ ‘ಎಲ್ಲಾ ನಾನೇ ಮಾಡಿಸಿಕೊಡುತ್ತೇನೆ’ ಎಂದಿದ್ದರು. ಬಿ.ಎ. ಓದಿದ್ದಕ್ಕೆ ಇಷ್ಟಾದರೂ ಉಳಿತಾಯವಾಯಿತಲ್ಲ ಎಂದು ಅಪ್ಪ ಸಂತೋಷಪಟ್ಟರು.

ಒಂದು ಮಾತು ನೆನಪಿಡತಕ್ಕದ್ದು. ಮನೆಮಂದಿಗೆಲ್ಲ ಬೇಕಾದಾಗ ಮೊದಲು ತಂದೆತಾಯಿಗಳದ್ದನ್ನು ಮಾಡಿಸಬೇಕು. ಅವರ ಪಾಸ್‌ಪೋರ್ಟು ಕೈಯಲ್ಲಿದ್ದರೆ ಮಕ್ಕಳ ಅರ್ಜಿಗೆ ಸಾಮಾನ್ಯವಾಗಿ ಪೊಲೀಸ್ ವಿಚಾರಣೆ ತಪ್ಪುತ್ತದೆ. ತಂದೆತಾಯಿಗಳಿಬ್ಬರೂ ರುಜು ಮಾಡಿದ ಒಪ್ಪಿಗೆ ಪತ್ರ ಸಾಕು. ಆದುದರಿಂದ ತಮ್ಮನನ್ನು ಹಿಂದಿಟ್ಟುಕೊಂಡು ಮೂವರು ಹೊರಟೆವು.

ಹೊರಡುವ ಮುನ್ನ ಟ್ರಂಕಿನ ಕಾಗದಗಳನ್ನೆಲ್ಲ ಜಗುಲಿಯ ಮೇಲೆ ಹರಡಿದೆ. ನಮ್ಮ ಕಂದಾಯದ ಕಾಗದಗಳಲ್ಲಿ ಗಂಡಸಿಗೆ ‘ಬಿನ್’ ಎಂದು ತಂದೆಯ ಹೆಸರನ್ನೂ, ಹೆಂಗಸಿಗೆ ‘ಕೋಂ’ ಎಂದು ಗಂಡನ ಹೆಸರನ್ನೂ ಗಂಟು ಹಾಕುತ್ತಾರೆ. ಅಲ್ಲಿ ಅಮ್ಮ ಎಂದರೆ ಯಾರ ಹೆಂಡತಿ ಎಂಬುದು ಮುಖ್ಯ, ಅಕ್ಷರ ಹೇಗಾದರೂ ಆದೀತು. ಪಾಸ್‌ಪೋರ್ಟಿನ ಅರ್ಜಿ ಹಾಗಲ್ಲ. ಅಲ್ಲಿ ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯಬೇಕು, ಅಕ್ಷರಕ್ಕೆ ಅಕ್ಷರ ಕೂಡಬೇಕು. ಅಪ್ಪನ ಹೆಸರಿನ ಮುಂದಿನ ಎರಡಕ್ಷರಗಳು ಊರೂ ಅಜ್ಜನೂ ಆಗಿ ಬಿಚ್ಚಿಕೊಂಡವು. ಅಮ್ಮನದು ಒಂದೇ ಪದ. ಆದರೆ ಶಾಲೆಯ ವರ್ಗಾವಣೆ ಪತ್ರದಲ್ಲಿ ಅದರ ಕೊನೆಗೆ ‘ಅಮ್ಮ’ ಸೇರಿದೆ, ಆಧಾರಿನಲ್ಲಿ ಆ ಬಾಲವಿಲ್ಲ, ಬ್ಯಾಂಕಿನ ಪುಸ್ತಕದಲ್ಲಿ ಇಂಗ್ಲಿಷಿನ ಹೆಚ್ ಒಂದು ಹೆಚ್ಚಾಗಿದೆ.

ಕೇಂದ್ರದಲ್ಲಿ ಮೂರು ಹಂತಗಳು. ಮೊದಲನೆಯದರಲ್ಲಿ ಫೋಟೋ, ಬೆರಳಚ್ಚು, ಎರಡನೆಯದರಲ್ಲಿ ಅಧಿಕಾರಿಗಳು ಕಾಗದಗಳನ್ನು ತಾಳೆ ನೋಡುತ್ತಾರೆ, ಮೂರನೆಯದರಲ್ಲಿ ಅನುಮತಿ. ಅಪ್ಪನದೂ ನನ್ನದೂ ಮುಗಿದವು. ಅಮ್ಮನದು ಎರಡನೆಯ ಮೇಜಿನಲ್ಲಿ ನಿಂತಿತು. ‘ಇವರಿಬ್ಬರೂ ಒಬ್ಬರೇ ಎಂದು ಹೇಗೆ ನಂಬುವುದು?’ ಎಂದು ಅಲ್ಲಿದ್ದವರು ಕೇಳಿದರು. ಗದರಿಸಲಿಲ್ಲ, ಕೇಳಿದರಷ್ಟೆ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ‘ನಾನೇ ಸ್ವಾಮಿ’ ಎಂದಳು. ಆ ಉತ್ತರವನ್ನು ಬರೆದುಕೊಳ್ಳಲು ಅರ್ಜಿಯಲ್ಲಿ ಸ್ಥಳವಿರಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು: ‘ಅವಳಿಗೆ ಆರು ತುಂಬಿತು.’

ಅದೃಷ್ಟವಶಾತ್ ಮತದಾರರ ಗುರುತಿನ ಚೀಟಿಯಲ್ಲಿ ‘ಅಮ್ಮ’ ಇತ್ತು. ಅದನ್ನು ತೋರಿಸಿ ಆಧಾರನ್ನು ತಿದ್ದಿಸಿದೆವು. ಅದಕ್ಕೆ ಕೆಲವು ವಾರಗಳು ಹಿಡಿದವು. ಹೆಚ್ಚು ಹಣ ಕೊಟ್ಟರೆ ತತ್ಕಾಲ್ ಎಂಬ ತ್ವರಿತ ಮಾರ್ಗವಿದೆಯಲ್ಲ ಎಂದು ಕೆಲವರು ಕೇಳಿದರು. ಹೆಸರು ಕೂಡದ ಕಾಗದಗಳಿಗೆ ತತ್ಕಾಲವೂ ಇಲ್ಲ, ದೀರ್ಘಕಾಲವೂ ಇಲ್ಲ.

ಇನ್ನು ವಯಸ್ಸಿನ ವಿಚಾರ. ಅಮ್ಮನ ಜನ್ಮದಿನ ಶಾಲೆಯ ಲೆಕ್ಕದಲ್ಲಿ ಜೂನ್ 1. ನಮ್ಮೂರಿನ ಅರ್ಧ ಜನ ಜೂನ್ ತಿಂಗಳಲ್ಲಿಯೇ ಹುಟ್ಟಿದ್ದಾರೆ. ಶಾಲೆ ತೆರೆಯುವ ತಿಂಗಳಲ್ಲವೆ! ಅಜ್ಜಿಯನ್ನು ಕೇಳಿದರೆ ‘ಅವಳು ಹುಟ್ಟಿದ್ದು ರಾಗಿ ಕೊಯ್ಲಿನಲ್ಲಿ. ತಮ್ಮನ್ನ ಎತ್ತಿಕೊಳ್ಳೋರು ಇರಲಿಲ್ಲ, ಅದಕ್ಕೆ ಮೂರು ವರ್ಷ ತಡೆದು ಶಾಲೆಗೆ ಹಾಕಿದ್ದು’ ಎಂದಳು. ಮೇಷ್ಟರು ವಯಸ್ಸನ್ನು ಶಾಲೆಗೆ ಹೊಂದಿಸಿ ಬರೆದರು. ಹೀಗಾಗಿ ಕಾಗದದಲ್ಲಿ ಅಮ್ಮನಿಗೆ ನಲವತ್ತೆಂಟು. ಅಜ್ಜಿಯ ಲೆಕ್ಕದಲ್ಲಿ ಐವತ್ತೊಂದು.

ಈ ಮೂರು ವರ್ಷ ಏಕೆ ಮುಖ್ಯವೆಂದರೆ, ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ವಲಸೆ ತಪಾಸಣೆ ಅಗತ್ಯ’ ಎಂಬ ಅರ್ಥದ ಒಂದು ಸಾಲು ಮುದ್ರಿತವಾಗುತ್ತದೆ. ಇದನ್ನೇ ಜನ ಇ.ಸಿ.ಆರ್. ಎನ್ನುವುದು. ಐವತ್ತು ದಾಟಿದವರಿಗೆ ಅದಿಲ್ಲ. ಅಪ್ಪ ಓದಿದ್ದು ನಾಲ್ಕನೆಯ ತರಗತಿ, ಆದರೆ ಐವತ್ತಾರು ವರ್ಷ. ಅವರಿಗೆ ಆ ಸಾಲಿಲ್ಲ. ಅಮ್ಮ ಓದಿದ್ದು ಏಳನೆಯದು, ಅವಳಿಗೆ ಇದೆ. ಇದರ ಹಿಂದೆ 1983ರ ವಲಸೆ ಕಾಯ್ದೆಯಿದೆ. ಓದುಬರಹ ಕಡಿಮೆಯಿರುವ ಕೂಲಿಕಾರರನ್ನು ದಲ್ಲಾಳಿಗಳು ಮೋಸದಿಂದ ಕೊಲ್ಲಿ ದೇಶಗಳಿಗೆ ಸಾಗಿಸುವುದನ್ನು ತಡೆಯುವುದು ಅದರ ಆಶಯ. ಅಂಥವರು ದುಡಿಯಲು ಹೋಗುವಾಗ ಮಾತ್ರ ಸರ್ಕಾರದ ಅನುಮತಿ ಬೇಕು. ಮಗಳನ್ನು ನೋಡಲು ಹೋಗುವ ತಾಯಿಗೆ ಬೇಕಿಲ್ಲ. ಆಶಯ ಒಳ್ಳೆಯದೇ. ಆದರೂ ಬಾಣಂತನವೆಂಬುದು ದುಡಿಮೆಯಲ್ಲವೆಂದು ಕಾನೂನು ಎಣಿಸಿರುವುದನ್ನು ಕಂಡು ನನಗೆ ನಗು ಬಂತು.

ಒಂಟಿ ಹೆಸರಿನ ಭಯವೂ ಒಂದಿತ್ತು. ಒಂದೇ ಪದದ ಹೆಸರುಳ್ಳ ಪಾಸ್‌ಪೋರ್ಟಿನವರನ್ನು ಒಳಗೆ ಬಿಡುವುದಿಲ್ಲವೆಂದು 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನದಿಂದ ಸೂಚನೆ ಹೊರಟಿತ್ತು. ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಆಮೇಲೆ ಸ್ಪಷ್ಟಪಡಿಸಿದರು. ಅಮ್ಮನನ್ನು ಮೂರು ವರ್ಷ ಶಾಲೆಗೆ ಕಳಿಸದ ಅಜ್ಜ ತೀರಿಕೊಂಡು ಬಹಳ ಕಾಲವಾಯಿತು. ಈಗ ಅವರ ಹೆಸರೇ ಅವಳ ಜೊತೆಗೆ ಗಡಿ ದಾಟುತ್ತಿದೆ.

ಎರಡನೆಯ ಸಲ ಎಲ್ಲವೂ ಸಲೀಸಾಗಿ ಆಯಿತು. ಪೊಲೀಸಿನವರು ಬಂದು ನೆರೆಮನೆಯ ಇಬ್ಬರನ್ನು ವಿಚಾರಿಸಿಕೊಂಡು ಹೋದರು. ಅಂಚೆಯವರು ಲಕೋಟೆಯನ್ನು ನನ್ನ ಕೈಗೆ ಕೊಡಲು ಒಪ್ಪಲಿಲ್ಲ, ಹೆಸರಿನವರೇ ಬರಬೇಕೆಂದರು. ಅಮ್ಮ ಕೊಟ್ಟಿಗೆಯಿಂದ ಬಂದು, ಕೈ ತೊಳೆದು, ಕನ್ನಡದಲ್ಲಿ ರುಜು ಮಾಡಿ ಇಸಿದುಕೊಂಡಳು. ಪುಟ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟು ‘ಇದೇನು? ನಿನ್ನದರಲ್ಲಿ ಇಲ್ಲವಲ್ಲ’ ಎಂದಳು. ಹೇಳಿದೆ. ‘ಹಾಗಾದರೆ ನೀನು ಪಾಸಾದದ್ದು ಇಲ್ಲೂ ಗೊತ್ತಾಗುತ್ತದೆ ಅನ್ನು’ ಎಂದು ಪುಸ್ತಕವನ್ನು ಅಕ್ಕಿಡಬ್ಬದ ಹಿಂದೆ ಇಟ್ಟಳು.

ಮುಂದಿನ ಗುರುವಾರ ಮೂವರೂ ಹೊರಡುತ್ತಾರೆ. ಅಕ್ಕನಿಗೆ ಈಗ ಎಂಟನೆಯ ತಿಂಗಳು ನಡೆಯುತ್ತಿದೆ. ನನಗೆ ಪರೀಕ್ಷೆಯಿರುವುದರಿಂದ ನಾನು ಹೋಗುತ್ತಿಲ್ಲ. ಇಳಿದ ಕೂಡಲೇ ತುಂಬಬೇಕಾದ ಕಾಗದವೇನಾದರೂ ಇದ್ದೀತೆಂದು ಅಮ್ಮನ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಪಾಸ್‌ಪೋರ್ಟಿನಲ್ಲಿರುವಂತೆಯೇ, ಒಂದು ಚೀಟಿಯಲ್ಲಿ ಬರೆದು ತಮ್ಮನ ಜೇಬಿನಲ್ಲಿ ಇಟ್ಟಿದ್ದೇನೆ.