ಗಾಲಿಗೂ ದಕ್ಕುವ ಕಾಲುದಾರಿ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಕುರಿಗಳನ್ನು ತಡೆಯಲು ಕಲ್ಲಿನ ಗೋಡೆ, ಬೇಲಿಗಳಿವೆ. ಅವುಗಳನ್ನು ದಾಟಲು ತಡಮೆಗಳಿವೆ. ಕಾಲು ಗಟ್ಟಿಯಿದ್ದವರು ಹತ್ತಿ ಇಳಿದು ಮುಂದೆ ಹೋಗುತ್ತಾರೆ. ಗಾಲಿಕುರ್ಚಿಯಲ್ಲಿ ಬಂದವರಿಗೆ ದಾರಿ ಅಲ್ಲಿಗೇ ಮುಗಿಯುತ್ತದೆ. ಅದಕ್ಕಾಗಿ ಉದ್ಯಾನದ ಆಡಳಿತ ತಡಮೆಯೇ ಇಲ್ಲದ ದಾರಿಗಳನ್ನು ಗುರುತಿಸಿ, ‘ಮೈಲ್ಸ್ ವಿದೌಟ್ ಸ್ಟೈಲ್ಸ್’ ಎಂಬ ಹೆಸರಿನಲ್ಲಿ ಪಟ್ಟಿ ಮಾಡಿದೆ. ‘ಎಲ್ಲರಿಗೆ’, ‘ಹಲವರಿಗೆ’, ‘ಕೆಲವರಿಗೆ’ ಎಂದು ಅದರಲ್ಲಿ ಮೂರು ದರ್ಜೆ. ಟಾರ್ನ್ ಹೌಸ್ ಎಂಬ ಸರೋವರದ ಸುತ್ತಿನ ದಾರಿಯೂ ಈ ಪಟ್ಟಿಯಲ್ಲಿದೆ.

ಅಮೆರಿಕದಲ್ಲಿ ಇದಕ್ಕೆ ಅಳತೆಗಳೇ ಇವೆ. ಕೇಂದ್ರ ಸರ್ಕಾರದ ಜಮೀನಿನಲ್ಲಿ ಹೊಸದಾಗಿ ಮಾಡುವ ಚಾರಣದ ದಾರಿಗಳಿಗೆ ಅಲ್ಲಿನ ಆಕ್ಸೆಸ್ ಬೋರ್ಡ್ 2013ರಲ್ಲಿ ನಿಯಮ ರೂಪಿಸಿತು. ದಾರಿ ಕನಿಷ್ಠ 36 ಅಂಗುಲ ಅಗಲವಿರಬೇಕು. 20 ಅಡಿಗೆ 1 ಅಡಿ ಏರುವ ದಾರಿ ಎಷ್ಟು ಉದ್ದವಾದರೂ ಇರಬಹುದು. 12 ಅಡಿಗೆ 1 ಅಡಿಯಷ್ಟು ಏರಿದರೆ 200 ಅಡಿಯೊಳಗೆ ತಂಗಲು ಸಮತಟ್ಟಾದ ಜಾಗ ಬೇಕು. 8 ಅಡಿಗೆ 1 ಅಡಿಯಷ್ಟು ಕಡಿದಾದರೆ 10 ಅಡಿಯೊಳಗೇ ಬೇಕು. ತೋಳಿನ ಬಲದಿಂದ ಗಾಲಿ ತಿರುಗಿಸುವವರ ದಣಿವನ್ನು ಲೆಕ್ಕ ಹಾಕಿದ ಅಳತೆಗಳಿವು.

ನೆಲ ಗಟ್ಟಿಯಾಗಿರಬೇಕು, ಕುಸಿಯಬಾರದು. ಅದಕ್ಕೆ ಸಿಮೆಂಟೇ ಬೇಕೆಂದಿಲ್ಲ. ಜಲ್ಲಿಪುಡಿ ಹಾಸಿ ದಮ್ಮಸು ಮಾಡಿದರೂ ಸಾಕು. ಜೌಗು ನೆಲವಿದ್ದಲ್ಲಿ ಮರದ ಹಲಗೆ ಹಾಸಬಹುದು. ನಿಯಮ ಪಾಲಿಸಿದರೆ ದಾರಿಯ ಸ್ವರೂಪವೇ ಕೆಡುತ್ತದೆ ಎಂಬಲ್ಲಿ, ಅಪರೂಪದ ಜೀವಿಗಳಿಗೆ ಕುತ್ತು ಬರುವಲ್ಲಿ ವಿನಾಯಿತಿಯೂ ಉಂಟು. ಬೆಟ್ಟವನ್ನೆಲ್ಲ ರಸ್ತೆ ಮಾಡಿ ಎಂದು ಯಾರೂ ಕೇಳುತ್ತಿಲ್ಲ.

ಈ ನಿಯಮದ ನಿಜವಾದ ಸತ್ವ ಇರುವುದು ದಾರಿಯ ಬಾಯಲ್ಲಿ ನಿಲ್ಲಿಸುವ ಫಲಕದಲ್ಲಿ. ದಾರಿಯ ಉದ್ದ, ನೆಲದ ಬಗೆ, ಅಗಲ, ಏರು, ಅಡ್ಡವಾಲು, ಈ ಐದನ್ನೂ ಅಲ್ಲಿ ಬರೆಯಬೇಕು. ಹೋಗಬಹುದೇ, ಎಷ್ಟು ದೂರ ಎಂಬುದನ್ನು ಬಂದವರೇ ತೀರ್ಮಾನಿಸುತ್ತಾರೆ. ‘ನಿಮ್ಮಿಂದಾಗದು’ ಎಂದು ಬೇರೆಯವರು ಹೇಳುವ ಪ್ರಮೇಯವೇ ಇಲ್ಲ.

ಕಣ್ಣು ಕಾಣದವರ ಅಗತ್ಯ ಬೇರೆ. ಕೊಲೊರಾಡೊದ ಆಸ್ಪೆನ್ ಬಳಿಯ ಕಾಡಿನಲ್ಲಿ 1967ರಲ್ಲೇ ಬ್ರೈಲ್ ಫಲಕಗಳ ಕಾಲುದಾರಿಯೊಂದು ತೆರೆಯಿತು. ಕಟ್ಟಿದ ಹಗ್ಗ ಹಿಡಿದು ಸಾಗುತ್ತ, ಮರಗಳ ಬಗ್ಗೆ ಬೆರಳಲ್ಲೇ ಓದಿಕೊಳ್ಳಬಹುದು. ದಾರಿ ಬದಲಿಸಲಾಗದ ಕಡೆ ಕುರ್ಚಿಯನ್ನೇ ಬದಲಿಸಿದವರೂ ಇದ್ದಾರೆ. ಫ್ರಾನ್ಸಿನ ಪರ್ವತ ಮಾರ್ಗದರ್ಶಿ ಜೋಯೆಲ್ ಕ್ಲೋಡೆಲ್ 1987ರಲ್ಲಿ, ಸ್ನಾಯು ಕ್ಷಯಿಸುವ ಕಾಯಿಲೆಯಿದ್ದ ತಮ್ಮ ಸಂಬಂಧಿ ಹುಡುಗನಿಗಾಗಿ ಒಂದೇ ಚಕ್ರದ ಕುರ್ಚಿ ರೂಪಿಸಿದರು. ಮುಂದೊಬ್ಬರು, ಹಿಂದೊಬ್ಬರು ಹಿಡಿದು ನಡೆಸುವ ಈ ‘ಜೋಯೆಲೆಟ್’ ಕಲ್ಲುಮುಳ್ಳಿನ ಕಿರುದಾರಿಯಲ್ಲೂ ಸಾಗುತ್ತದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿತ್ತು. ವಿಹಾರ, ಮನರಂಜನೆಗಳಲ್ಲಿ ಎಲ್ಲರಂತೆ ಪಾಲ್ಗೊಳ್ಳುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರಿಗೆ ಕೊಟ್ಟಿದೆ. ನಮ್ಮ ಚಾರಣದ ದಾರಿಗಳ ಬಾಯಲ್ಲೂ ಅಗಲ, ಏರು, ನೆಲದ ವಿವರ ಬರೆದ ಫಲಕಗಳು ನಿಲ್ಲಲಿ. ಹೆಚ್ಚು ಖರ್ಚಿಲ್ಲದ ಈ ಕೆಲಸವನ್ನು ಅರಣ್ಯ ಇಲಾಖೆ, ಪಂಚಾಯಿತಿಗಳು ಈ ವರ್ಷವೇ ಆರಂಭಿಸಬೇಕು.