ಮೇಜು ಹೊತ್ತು ಹಾರಿದ ಆ್ಯನ್ಸನ್

ಕೆನಡಾದ ಮ್ಯಾನಿಟೋಬಾದಲ್ಲಿ ನೆಲ ರೊಟ್ಟಿ ತಟ್ಟಿದಷ್ಟು ಮಟ್ಟಸ. ಗೋಧಿ ಹೊಲ, ರೈಲು ಹಳಿ, ಹಳಿಯ ಪಕ್ಕ ಎತ್ತರದ ಕಣಜ, ಕಣಜದ ಗೋಡೆ ಮೇಲೆ ದಪ್ಪಕ್ಷರದಲ್ಲಿ ಊರಿನ ಹೆಸರು. ಎರಡನೇ ಮಹಾಯುದ್ಧದ ದಿನಗಳಲ್ಲಿ ವಿಮಾನಕ್ಕೆ ದಾರಿ ಹೇಳುವ ವಿದ್ಯೆ ಕಲಿಯಲು ಇಲ್ಲಿಗೆ ಬಂದ ಹುಡುಗರಿಗೆ ಲೆಕ್ಕ ಕೈಕೊಟ್ಟರೆ ಆ ಹೆಸರೇ ಗತಿ. ಕಣಜ ಓದಿಕೊಂಡು ನಕ್ಷೆಯ ಮೇಲೆ ಗಂಭೀರವಾಗಿ ಗೆರೆ ಎಳೆಯುವುದು. ಕಾಪಿ ಹೊಡೆಯಲು ಆಕಾಶವೇನೂ ಅಡ್ಡಿಯಲ್ಲ!

ಅವರ ತರಗತಿಯೇ ಆ್ಯವ್ರೋ ಆ್ಯನ್ಸನ್. ಎರಡು ಎಂಜಿನ್, ಉಕ್ಕಿನ ಕೊಳವೆಗಳ ಹಂದರ, ಮೇಲೆ ಬಟ್ಟೆಯ ಹೊದಿಕೆ, ಮರದ ರೆಕ್ಕೆ, ಒಳಗೊಂದು ನಕ್ಷೆಯ ಮೇಜು. ಮೊದಲ ಮಾದರಿಯಲ್ಲಿ ಚಕ್ರ ಮಡಚಲು 140ಕ್ಕೂ ಹೆಚ್ಚು ಸುತ್ತು ಹ್ಯಾಂಡಲ್ ತಿರುಗಿಸಬೇಕಿತ್ತು. ಆ ಕೆಲಸ ಸಾಮಾನ್ಯವಾಗಿ ಕಲಿಯುವವನ ಪಾಲಿಗೇ ಬರುತ್ತಿತ್ತು. ರಟ್ಟೆ ಸೋತ ಮೇಲೆ ಪಾಠ ಶುರು.

ಪಾಠವೆಂದರೆ ಮುಖ್ಯವಾಗಿ ಗಾಳಿಯ ಲೆಕ್ಕ. ಮೂತಿ ಯಾವ ದಿಕ್ಕಿಗಿದ್ದರೂ ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ. ಒಂದೇ ಒಂದು ಡಿಗ್ರಿ ತಪ್ಪಿದರೂ 60 ಮೈಲಿ ಹೋಗುವಷ್ಟರಲ್ಲಿ ಒಂದು ಮೈಲಿ ಆಚೆ ಇರುತ್ತೀರಿ. ಈ ಶಾಲೆಗಳಲ್ಲಿ ವಿಮಾನ ಹಾರಿಸುತ್ತಿದ್ದವರು ನಾಗರಿಕ ಪೈಲಟ್‌ಗಳು. ಕೆಳಗಿನ ನೆಲ ಅವರಿಗೆ ಬಾಯಿಪಾಠ. ಆದರೂ ಹುಡುಗ ಹೇಳಿದ ದಿಕ್ಕಿಗೇ ಹೋಗಬೇಕು. ತಪ್ಪೆಂದು ಗೊತ್ತಿದ್ದೂ ಬಾಯಿ ಬಿಡದೆ ಕೂರುವ ಮೇಷ್ಟರ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಬಳಿಕ ರಿವರ್ಸ್ ಎಂಬ ಊರಿನ ನ್ಯಾವಿಗೇಷನ್ ಶಾಲೆ. ಅಲ್ಲಿ ನಕ್ಷತ್ರಗಳ ಸರದಿ. ನಮ್ಮ ಪಂಚಾಂಗದ ಸ್ವಾತಿ, ಚಿತ್ತಾ, ರೋಹಿಣಿಗಳೇ ಅವರ ಪಟ್ಟಿಯಲ್ಲಿ ಆರ್ಕ್ಟೂರಸ್, ಸ್ಪೈಕಾ, ಆಲ್ಡೆಬರಾನ್. ಅಲುಗಾಡುವ ವಿಮಾನದಲ್ಲಿ ಸೆಕ್ಸ್‌ಟೆಂಟ್ ಹಿಡಿದು ಚುಕ್ಕಿಯ ಎತ್ತರ ಅಳೆಯಬೇಕು. ಗಡಿಯಾರ ನಾಲ್ಕೇ ಸೆಕೆಂಡು ತಪ್ಪಿದರೂ ಸಮಭಾಜಕದ ಬಳಿ ಒಂದು ನಾಟಿಕಲ್ ಮೈಲಿಯ ಎಡವಟ್ಟು.

ಇಷ್ಟೊಂದು ಹಟ ಏಕೆಂದರೆ 1941ರ ಬಟ್ ವರದಿ ಬ್ರಿಟಿಷರ ಕಣ್ಣು ತೆರೆಸಿತ್ತು. ಗುರಿಗೆ ಬಾಂಬು ಹಾಕಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರಕ್ಕೊಂದು ಮಾತ್ರ ಗುರಿಯ 5 ಮೈಲಿಯೊಳಗೆ ಹೋಗಿತ್ತು. ದಾರಿ ತೋರಿಸುವುದು, ಬಾಂಬು ಹಾಕುವುದು ಎರಡನ್ನೂ ಹೊತ್ತಿದ್ದ 'ಅಬ್ಸರ್ವರ್' ಹುದ್ದೆ 1942ರಲ್ಲಿ ಒಡೆಯಿತು, ನ್ಯಾವಿಗೇಟರ್ ಬೇರೆಯಾದ. ಕಾಮನ್‌ವೆಲ್ತ್ ದೇಶಗಳ ವಾಯು ತರಬೇತಿ ಯೋಜನೆಯಡಿ ಕೆನಡಾದಲ್ಲಿ ತಯಾರಾದ ವಿಮಾನ ಸಿಬ್ಬಂದಿ ಒಟ್ಟು 1,31,553.

ಯುದ್ಧ ಮುಗಿಯಿತು, ಆ್ಯನ್ಸನ್ ಗುಜರಿಯಾಯಿತು. ಅಗ್ಗದ ಬೆಲೆಗೆ ಕೊಂಡವರು ರೈತರು. ಟೈರು ಗಾಡಿಗೆ, ಬೋಲ್ಟು, ತಂತಿ ಕೊಟ್ಟಿಗೆಗೆ. ಉಳಿದದ್ದು ಹಿತ್ತಿಲ ಹಿಮದಲ್ಲಿ. ಬ್ರ್ಯಾಂಡನ್ ಊರಿನಲ್ಲಿ, ಅದೇ ಕಾಲದ ಹ್ಯಾಂಗರ್‌ನಲ್ಲಿ 1981ರಲ್ಲಿ ಶುರುವಾದ ತರಬೇತಿ ಯೋಜನೆಯ ಮ್ಯೂಸಿಯಂ ಇಂಥ ಹಿತ್ತಿಲುಗಳ ಋಣದಲ್ಲಿದೆ. ಫೈಟರ್ ವಿಮಾನವಾದರೆ ದುಡ್ಡು ಸುರಿಯಲು ಜನ ಸಾಲುಗಟ್ಟುತ್ತಾರೆ. ಮೇಜು ಹೊತ್ತ ವಿಮಾನಕ್ಕೆ ಹಾಗಿಲ್ಲ. ಅದಕ್ಕೇ ಈ ಜಾಗ ನನಗೆ ಇಷ್ಟ. ಹೊಲದಲ್ಲಿ ಸಿಗುವುದು ಹೆಚ್ಚಾಗಿ ಉಕ್ಕಿನ ಹಂದರ ಮಾತ್ರ. ಮರದ ರೆಕ್ಕೆ ಎಂದೋ ಮಣ್ಣಾಗಿರುತ್ತದೆ. ಅದನ್ನು ಬಡಗಿ ಹೊಸದಾಗಿಯೇ ಕೂಡಿಸಬೇಕು.