ಎಡೆದೊರೆ ನಾಡು: ನೆಲ, ನೀರು, ಜನ

ದಕ್ಷಿಣ ಭಾರತದ ಭೂಪಟವನ್ನು ಬಿಡಿಸಿ ನೋಡಿದರೆ ಪಶ್ಚಿಮ ಘಟ್ಟಗಳಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿಯುವ ಎರಡು ದೊಡ್ಡ ನದಿಗಳು ಕಣ್ಣಿಗೆ ಬೀಳುವುವು. ಒಂದು, ಮಹಾಬಲೇಶ್ವರದ ಬಳಿ ಉಗಮಿಸುವ ಕೃಷ್ಣೆ. ಇನ್ನೊಂದು, ತುಂಗೆ ಮತ್ತು ಭದ್ರೆಗಳು ಕೂಡಲಿಯಲ್ಲಿ ಬೆರೆತು ಆದ ತುಂಗಭದ್ರೆ. ಇವೆರಡೂ ನೂರಾರು ಮೈಲು ಬೇರೆ ಬೇರೆಯಾಗಿ ಹರಿದು, ಕರ್ನೂಲಿನಿಂದ ಕೆಳಗೆ ಒಂದನ್ನೊಂದು ಕೂಡುವುವು. ಈ ಎರಡು ಹೊಳೆಗಳ ನಡುವೆ ಸಿಕ್ಕಿದ ವಿಶಾಲವಾದ ಬಯಲುಸೀಮೆಗೆ ನಮ್ಮ ಪ್ರಾಚೀನ ಶಾಸನಗಳು ‘ಎಡೆದೊರೆ ಎರಡು ಸಾಸಿರ’ ಎಂದು ಹೆಸರಿಟ್ಟಿವೆ. ‘ತೊರೆ’ಗಳ ‘ಎಡೆ’ಯಲ್ಲಿರುವ ನಾಡು ಎಂದು ಇದರ ಅರ್ಥ. ಮುಂದೆ ಪಾರಸಿ ಬಲ್ಲವರು ಇದನ್ನೇ ‘ದೋಆಬ್’, ಅಂದರೆ ಎರಡು ನೀರುಗಳ ನಾಡು, ಎಂದು ಕರೆದರು. ಇಂದಿನ ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳು ಈ ನಾಡಿನ ಮುಖ್ಯ ಭಾಗ. ಇದರ ಪೂರ್ವದ ತುದಿಯಲ್ಲಿರುವ ಗದ್ವಾಲ, ಆಲಂಪುರ ಪ್ರದೇಶಗಳು ತೆಲಂಗಾಣಕ್ಕೆ ಸೇರಿವೆ.

ಹೆಸರಿನಲ್ಲಿಯೇ ಎರಡು ಹೊಳೆಗಳನ್ನು ಹೊತ್ತ ಈ ನಾಡು ಬಹುಕಾಲ ಬರಗಾಲಕ್ಕೆ ಹೆಸರಾಗಿತ್ತೆಂಬುದು ಆಶ್ಚರ್ಯದ ಮಾತು. ನೀರು ಬಂದ ಮೇಲಾದರೂ ಎಲ್ಲರ ಬಾಳು ಒಂದೇ ಸಮನಾಗಿ ಹಸನಾಗಲಿಲ್ಲ. ಇದಕ್ಕೆ ಕಾರಣಗಳೇನು ಎಂಬುದನ್ನು ಈ ನಾಡಿನ ನೆಲ, ನೀರು ಮತ್ತು ಜನರ ಪರಿಚಯ ಮಾಡಿಕೊಳ್ಳುತ್ತ ವಿಚಾರಿಸುವುದೇ ಈ ಲೇಖನದ ಉದ್ದೇಶ.

ನೆಲದ ಸ್ವರೂಪ

ಎಡೆದೊರೆ ನಾಡು ಬಹುಮಟ್ಟಿಗೆ ಸಮತಟ್ಟಾದ ಬಯಲು. ನಡುನಡುವೆ ಬೆಣಚುಕಲ್ಲಿನ ಬೋಳುಗುಡ್ಡಗಳು ತಲೆಯೆತ್ತಿ ನಿಂತಿವೆ. ರಾಯಚೂರು, ಮುದಗಲ್ಲು, ಕೊಪ್ಪಳ, ಆನೆಗೊಂದಿ ಮೊದಲಾದ ಕೋಟೆಗಳೆಲ್ಲ ಇಂತಹ ಗುಡ್ಡಗಳ ಆಸರೆಯಲ್ಲಿಯೇ ಹುಟ್ಟಿದವು.

ಇಲ್ಲಿಯ ಮಣ್ಣಿನಲ್ಲಿ ಎರಡು ಬಗೆ: ಎರೆ ಮತ್ತು ಮಸಾರಿ. ಎರೆಯೆಂದರೆ ಕಪ್ಪು ಮಣ್ಣು. ಇದು ಮಳೆ ಬಿದ್ದಾಗ ನೀರನ್ನು ಹೀರಿ ಉಬ್ಬುವುದು, ಬಿಸಿಲಿಗೆ ಬಿರಿದು ಮೊಳಕಾಲುದ್ದದ ಬಿರುಕು ಬಿಡುವುದು. ಹೀರಿದ ನೀರನ್ನು ಬೇಗನೆ ಬಿಟ್ಟುಕೊಡುವುದಿಲ್ಲ. ಆದುದರಿಂದಲೇ ಇಲ್ಲಿಯ ಒಕ್ಕಲಿಗನು ಭಾದ್ರಪದ, ಆಶ್ವಯುಜಗಳಲ್ಲಿ ಬಿಳಿಜೋಳ ಬಿತ್ತಿ, ಮುಂದೆ ಒಂದು ಹನಿ ಮಳೆ ಬಾರದಿದ್ದರೂ ನೆಲದ ಹಸಿಯಿಂದಲೇ ಹಿಂಗಾರಿ ಬೆಳೆಯನ್ನು ಕೈಗೆ ತಂದುಕೊಳ್ಳಬಲ್ಲನು. ಮಸಾರಿಯೆಂದರೆ ಕೆಂಪು ಮಣ್ಣು. ಇದರಲ್ಲಿ ನೀರು ನಿಲ್ಲದೆ ಇಂಗಿ ಹೋಗುವುದು. ಸಜ್ಜೆ, ನವಣೆ, ಶೇಂಗಾಗಳಿಗೆ ಇದು ತಕ್ಕ ಭೂಮಿ. ಎರೆ, ಮಸಾರಿಗಳ ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಾಲುವೆಯ ನೀರು ಬಂದ ಮೇಲೆ ನಡೆದ ಕಥೆಯು ಇದರ ಮೇಲೆಯೇ ನಿಂತಿದೆ.

ಮಳೆಯಾದರೋ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಾತ್ರ. ಪಡುವಣ ಕಡಲಿನಿಂದ ಬರುವ ಮೋಡಗಳು ಘಟ್ಟಗಳಲ್ಲಿಯೇ ಬಹುಪಾಲು ಬರಿದಾಗಿ ಇಲ್ಲಿಗೆ ಬರುವುವು. ಆ ಅಲ್ಪ ಮಳೆಯೂ ಕಾಲಕ್ಕೆ ಸರಿಯಾಗಿ ಬೀಳುವುದೆಂಬ ಭರವಸೆಯಿಲ್ಲ. ಬೇಸಗೆಯಲ್ಲಿ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದು. ಎರಡೂ ನದಿಗಳು ತಮ್ಮ ದಡಗಳಿಗಿಂತ ತಗ್ಗಿನಲ್ಲಿ, ಕಲ್ಲಿನ ಪಾತ್ರದಲ್ಲಿ ಹರಿಯುವುದರಿಂದ, ಅಣೆಕಟ್ಟು ಕಟ್ಟಿ ನೀರನ್ನು ಮೇಲೆತ್ತದ ಹೊರತು ಹೊಲಕ್ಕೆ ಅದರ ಉಪಯೋಗವಾಗದು. ಹೊಳೆಯ ದಂಡೆಯ ಊರಿನಲ್ಲಿಯೇ ಬಿತ್ತಿದ ಬೆಳೆ ಒಣಗಿಹೋಗುವುದಕ್ಕೆ ಇದೇ ಕಾರಣವಾಗಿತ್ತು.

ಭೂಗರ್ಭದ ಸಂಪತ್ತು

ಈ ನಾಡಿನ ನೆಲದೊಳಗೆ ಚಿನ್ನವಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಿಂದ ಮಸ್ಕಿಯವರೆಗೆ ಹಬ್ಬಿರುವ ಶಿಲಾಪಟ್ಟಿಯಲ್ಲಿ ಪ್ರಾಚೀನರು ಬಹು ಆಳದವರೆಗೆ ಗಣಿ ತೋಡಿ ಚಿನ್ನ ತೆಗೆದ ಕುರುಹುಗಳು ದೊರೆತಿವೆ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿಯೆಂಬ ಸ್ಥಾನವು ಹಟ್ಟಿಗೆ ಸಂದಿತು. ಇದೇ ಪ್ರದೇಶದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಬಂಡೆಗಲ್ಲಿನ ಶಾಸನವು ಜಗತ್ಪ್ರಸಿದ್ಧವಾದುದು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇದ್ದಿತು. ‘ಅಶೋಕ’ ಎಂಬ ಹೆಸರು ಮೊಟ್ಟಮೊದಲು ಓದಿಗೆ ಸಿಕ್ಕಿದುದು ಈ ಶಾಸನದಲ್ಲಿಯೇ. ಆ ಸಾಮ್ರಾಟನ ಶಾಸನಗಳು ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ ಇವೆ.

ಚಿನ್ನದ ನೆಲ, ಹತ್ತಿಯ ನೆಲ, ಕೋಟೆಗಳ ನೆಲ. ಹೀಗಿರುವಾಗ ಅರಸುಗಳು ಇದಕ್ಕಾಗಿ ಹೊಡೆದಾಡಿದುದರಲ್ಲಿ ಆಶ್ಚರ್ಯವಿಲ್ಲ. ಬಹಮನಿ ಸುಲ್ತಾನರೂ ವಿಜಯನಗರದ ರಾಯರೂ ಈ ನಾಡಿಗಾಗಿ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದನು. ಮುಂದೆ ಈ ಪ್ರದೇಶವು ಹೈದರಾಬಾದಿನ ನಿಜಾಮರ ಕೈಸೇರಿತು. 1853ರಿಂದ 1860ರವರೆಗೆ ಇಂಗ್ಲಿಷರ ಆಡಳಿತದಲ್ಲಿದ್ದು, ಮರಳಿ ನಿಜಾಮರಿಗೆ ಬಂದಿತು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಕನ್ನಡನಾಡಿನೊಡನೆ ಒಂದಾಯಿತು. ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ.

ಜನ ಮತ್ತು ಜೀವನ

2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯಲ್ಲಿ 19 ಲಕ್ಷಕ್ಕೂ, ಕೊಪ್ಪಳ ಜಿಲ್ಲೆಯಲ್ಲಿ 13 ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಕನ್ನಡವು ಮನೆಮಾತಾದ ಈ ನಾಡಿನಲ್ಲಿ ತೆಲುಗು ಉರ್ದುಗಳೂ ಧಾರಾಳವಾಗಿ ಕೇಳಿಬರುವುವು. ಸಂತೆಯಲ್ಲಿ ಒಬ್ಬನೇ ವ್ಯಾಪಾರಿಯು ಮೂರು ಭಾಷೆಗಳಲ್ಲಿ ಬೆಲೆ ಹೇಳುವುದು ಇಲ್ಲಿ ವಿಶೇಷವಲ್ಲ. ಹರಿದಾಸ ಸಾಹಿತ್ಯಕ್ಕಂತೂ ಇದು ತವರುಮನೆ. ಚೀಕಲಪರವಿಯ ವಿಜಯದಾಸರು, ಮೊಸರುಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಈ ಮಣ್ಣಿನವರೇ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದನು. ಕಿನ್ನಾಳದ ಚಿತ್ರಗಾರರು ಹಗುರವಾದ ಮರದಿಂದ ಮಾಡುವ ಬಣ್ಣದ ಬೊಂಬೆಗಳು ನಾಡಿನಲ್ಲೆಲ್ಲ ಹೆಸರಾಗಿವೆ.

ಆದರೂ ಈ ನಾಡಿನ ಜೀವಾಳ ಒಕ್ಕಲುತನವೇ. ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ, ಭಾರವಾದ ಕಲ್ಲನ್ನು ಎಳೆಸಿ ಅವುಗಳ ಕಸುವನ್ನು ಪರೀಕ್ಷಿಸುವರು. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಭೂತಾಯಿಗೆ ಉಣಿಸಿದ ನಂತರವೇ ತಾವು ಉಣ್ಣುವರು.

ಕಾಲುವೆಯ ಆಗಮನ

ಅಣೆಕಟ್ಟಿನ ವಿದ್ಯೆ ಈ ಸೀಮೆಗೆ ಹೊಸದಲ್ಲ. ವಿಜಯನಗರದ ಅರಸರು ತುಂಗಭದ್ರೆಗೆ ಕಲ್ಲಿನ ಒಡ್ಡುಗಳನ್ನು ಕಟ್ಟಿ ತೋಡಿಸಿದ ಕಾಲುವೆಗಳಲ್ಲಿ ಆನೆಗೊಂದಿ, ಗಂಗಾವತಿಗಳ ಕಡೆಗೆ ಇಂದಿಗೂ ನೀರು ಹರಿಯುತ್ತಿದೆ. ಆದರೆ ಅವು ಹೊಳೆಯ ಅಂಚಿನ ಭೂಮಿಗೆ ಮಾತ್ರ ಸಾಕಾಗುವಂತಹವು. ಒಳನಾಡಿಗೆ ನೀರೊದಗಿಸಲು ದೊಡ್ಡ ಜಲಾಶಯವೇ ಬೇಕಾಗಿದ್ದಿತು. ಹೈದರಾಬಾದು ಮತ್ತು ಮದರಾಸು ಸರ್ಕಾರಗಳು ಕೂಡಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ ಕೆಲಸವನ್ನು 1945ರಲ್ಲಿ ಆರಂಭಿಸಿದವು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಬಲದಂಡೆಯ ಕಾಲುವೆಗಳು ಬಳ್ಳಾರಿ ಮತ್ತು ರಾಯಲಸೀಮೆಗಳ ಕಡೆಗೆ ಹೋಗುವುವು. ಎಡದಂಡೆಯ ಮುಖ್ಯ ಕಾಲುವೆಯು 227 ಕಿಲೋಮೀಟರು ಹರಿದು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ಕಡೆಯ ಸುಮಾರು 6 ಲಕ್ಷ ಎಕರೆಗೆ ನೀರುಣಿಸಬೇಕೆಂಬುದು ಯೋಜನೆ.

ಈ ಯೋಜನೆಯ ಮೂಲ ಉದ್ದೇಶವನ್ನು ನಾವು ಚೆನ್ನಾಗಿ ತಿಳಿಯಬೇಕು. ಬರಗಾಲದಿಂದ ಆದಷ್ಟು ಹೆಚ್ಚು ಜನರನ್ನು ಕಾಪಾಡುವುದಕ್ಕಾಗಿ, ಇದ್ದ ನೀರನ್ನು ಆದಷ್ಟು ಹೆಚ್ಚು ಭೂಮಿಗೆ ತೆಳುವಾಗಿ ಹಂಚಬೇಕೆಂದು ಎಣಿಸಿದ್ದರು. ಜೋಳ, ಹತ್ತಿ, ಶೇಂಗಾ ಮುಂತಾದ ಕಡಿಮೆ ನೀರಿನ ಬೆಳೆಗಳಿಗೇ ಹೆಚ್ಚಿನ ಭೂಮಿಯನ್ನು ಗೊತ್ತುಮಾಡಿ, ಭತ್ತಕ್ಕೆ ಚಿಕ್ಕ ಪಾಲನ್ನು ಬಿಟ್ಟಿದ್ದರು.

ನಡೆದುದು ಬೇರೆ. ಮೊದಮೊದಲು ಕಾಲುವೆಯ ನೀರನ್ನು ಬಳಸುವವರೇ ಕಡಿಮೆಯಾಗಿದ್ದರು. ಮಳೆಯನ್ನು ನಂಬಿ ಬದುಕಿದ್ದ ಸ್ಥಳೀಯ ರೈತನಿಗೆ ಮಡಿಗಳನ್ನು ಸಮಮಾಡುವ ಹಣವೂ ನೀರಾವರಿಯ ಅನುಭವವೂ ಇರಲಿಲ್ಲ. ಆ ವೇಳೆಗೆ ಗೋದಾವರಿ, ಕೃಷ್ಣಾ ಮುಖಜಭೂಮಿಯ ಭತ್ತದ ಬೇಸಾಯದಲ್ಲಿ ಪಳಗಿದ ಆಂಧ್ರದ ಒಕ್ಕಲು ಮಕ್ಕಳು ಇಲ್ಲಿಗೆ ಬಂದು, ಅಗ್ಗವಾಗಿ ಭೂಮಿ ಕೊಂಡು, ‘ಕ್ಯಾಂಪು’ಗಳೆಂಬ ಹೊಸ ಊರುಗಳನ್ನು ಕಟ್ಟಿಕೊಂಡರು. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರಿನ ಸಮೀಪ ನೆಲೆ ದೊರೆಯಿತು. ಇವರ ದುಡಿಮೆಯನ್ನು ಕಂಡು ಸ್ಥಳೀಯರೂ ಭತ್ತವನ್ನು ಕಲಿತರು. ಗಂಗಾವತಿ, ಕಾರಟಗಿ, ಸಿಂಧನೂರುಗಳಲ್ಲಿ ಅಕ್ಕಿಯ ಗಿರಣಿಗಳು ಎದ್ದವು. ಇಲ್ಲಿಯ ಸೋನಾ ಮಸೂರಿ ಅಕ್ಕಿಯು ದೂರದ ಪಟ್ಟಣಗಳಿಗೆ ಹೋಗತೊಡಗಿತು. ಜೋಳದ ರೊಟ್ಟಿಯ ನಾಡು ಭತ್ತದ ಕಣಜವೆನಿಸಿಕೊಂಡಿತು.

ಐಶ್ವರ್ಯದ ಇನ್ನೊಂದು ಮುಖ

ಈ ಐಶ್ವರ್ಯದ ಲೆಕ್ಕದಲ್ಲಿ ಮೂರು ಖರ್ಚುಗಳನ್ನು ಬರೆಯಬೇಕಾಗಿದೆ.

ಮೊದಲನೆಯದು ಹಂಚಿಕೆಯ ದೋಷ. ಕಾಲುವೆಯ ತಲೆಯಲ್ಲಿರುವವರು ಗೊತ್ತುಮಾಡಿದುದಕ್ಕಿಂತ ಬಹು ಹೆಚ್ಚು ಭೂಮಿಯಲ್ಲಿ ಭತ್ತ ನಾಟಿ ಮಾಡಿದರೆ, ಬುಡದಲ್ಲಿರುವ ಮಾನ್ವಿ, ರಾಯಚೂರು ಕಡೆಯವರಿಗೆ ನೀರು ಮುಟ್ಟುವುದು ಹೇಗೆ? ಹತ್ತಿರದಲ್ಲಿಯೇ ಕಾಲುವೆಯಿದ್ದೂ ಅದು ಒಣಗಿರುವ ಊರುಗಳಿವೆ. ಕೊನೆಯ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದು ಬರದ ವರ್ಷಗಳಲ್ಲಿ ಮರುಕಳಿಸುತ್ತ ಬಂದಿದೆ.

ಎರಡನೆಯದು ಸವುಳು. ಹಿಂದೆ ಹೇಳಿದ ಎರೆಮಣ್ಣಿನ ಗುಣವನ್ನು ಇಲ್ಲಿ ಸ್ಮರಿಸಬೇಕು. ಮಳೆಯ ಬೇಸಾಯದಲ್ಲಿ ವರವಾಗಿದ್ದ ಆ ಗುಣವೇ ನಿಂತ ನೀರಿನ ಬೇಸಾಯದಲ್ಲಿ ಶಾಪವಾಯಿತು. ಎರೆಯಲ್ಲಿ ನೀರು ಬಸಿದು ಹೋಗದು. ವರ್ಷಕ್ಕೆ ಎರಡು ಸಲ ನೀರು ನಿಲ್ಲಿಸಿದರೆ ಅಂತರ್ಜಲವು ಮೇಲೇರುವುದು. ಅದರೊಡನೆ ನೆಲದಾಳದ ಲವಣಗಳೂ ಏರುವುವು. ಬಿಸಿಲಿಗೆ ನೀರು ಆವಿಯಾಗಿ ಹೋಗಿ, ಉಪ್ಪು ಮೇಲ್ಮಣ್ಣಿನಲ್ಲಿ ಬೆಳ್ಳಗೆ ಉಳಿಯುವುದು. ಹೀಗೆ ಸವುಳು, ಜವುಳುಗಳಿಗೆ ತುತ್ತಾದ ಭೂಮಿಯು ತುಂಗಭದ್ರಾ ಪ್ರದೇಶದಲ್ಲಿ ಸುಮಾರು 96,000 ಹೆಕ್ಟೇರಿನಷ್ಟಿದೆಯೆಂದು ತಜ್ಞರು ಎಣಿಸಿದ್ದಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದಕ್ಕೆ ಪರಿಹಾರಗಳನ್ನು ಶೋಧಿಸುತ್ತ ಬಂದಿದ್ದಾರೆ. ನೆಲದೊಳಗೆ ತೂತುಗಳುಳ್ಳ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಬಸಿದು ತೆಗೆಯುವುದು ಅವುಗಳಲ್ಲೊಂದು. ಆದರೆ ಒಬ್ಬ ಬಡ ರೈತನಿಂದ ಆಗತಕ್ಕ ಕೆಲಸ ಇದಲ್ಲ.

ಮೂರನೆಯದು ಹೂಳು. ಆರಂಭದಲ್ಲಿ ಜಲಾಶಯವು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 2016ರ ಅಳತೆಯಲ್ಲಿ ಅದು ಸುಮಾರು 105 ಟಿ.ಎಂ.ಸಿ.ಗೆ ಇಳಿದಿದ್ದಿತು. ಮಿಕ್ಕ ಜಾಗವನ್ನು ಮಲೆನಾಡಿನಿಂದಲೂ ಬಯಲಿನಿಂದಲೂ ಕೊಚ್ಚಿ ಬಂದ ಮಣ್ಣು ತುಂಬಿಕೊಂಡಿದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ತುಂಬಿದ್ದ ಜಲಾಶಯದಿಂದ ಅಪಾರ ನೀರು ಹೊಳೆಗೆ ಹರಿದುಹೋಯಿತು. ತಾತ್ಕಾಲಿಕವಾದ ತಡೆಯನ್ನು ಇಳಿಸುವವರೆಗೆ ಆ ಕೆಲವು ದಿನಗಳು ಇಡೀ ನಾಡು ಉಸಿರು ಬಿಗಿಹಿಡಿದು ನಿಂತಿದ್ದಿತು. ಒಂದು ಕಟ್ಟಡದ ಮೇಲೆ ಎಷ್ಟು ಲಕ್ಷ ಜನರ ಅನ್ನ ನಿಂತಿದೆಯೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಕಾಲುವೆ ಮುಟ್ಟದ ಭಾಗ

ಕೃಷ್ಣೆಯ ಕಡೆಯ ದೇವದುರ್ಗ, ಲಿಂಗಸುಗೂರುಗಳ ಕಥೆ ಬೇರೆ. ನಾರಾಯಣಪುರದ ಬಸವಸಾಗರ ಜಲಾಶಯದ ಬಲದಂಡೆ ಕಾಲುವೆಯು ಇತ್ತ ಬಂದುದು ಬಹು ತಡವಾಗಿ. ಅದೂ ಎಲ್ಲ ಊರುಗಳಿಗೆ ಮುಟ್ಟಿಲ್ಲ. 2002ರ ನಂಜುಂಡಪ್ಪ ಸಮಿತಿಯ ವರದಿಯು ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತು. ಸುಗ್ಗಿ ಮುಗಿದ ಮೇಲೆ ಇಲ್ಲಿಯ ಕೂಲಿಕಾರರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು ಮೊದಲಾದ ಪಟ್ಟಣಗಳಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿ ತೊಡಗುವರು. ತಂದೆತಾಯಿಗಳೊಡನೆ ಮಕ್ಕಳೂ ಹೋಗುವುದರಿಂದ ಶಾಲೆಯ ಬೆಂಚುಗಳು ನಡುವರ್ಷದಲ್ಲಿಯೇ ಬರಿದಾಗುವುವು. 2011ರಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆಯು ನೂರಕ್ಕೆ 60ನ್ನೂ ಮುಟ್ಟಿರಲಿಲ್ಲ.

ಇದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಕೃಷ್ಣೆಯ ನೀರು, ಹೊರಗಿನಿಂದ ತಂದ ಕಲ್ಲಿದ್ದಲು ಇವುಗಳಿಂದ ಅದು 1,720 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲ ಕೇಂದ್ರವಾಗಿ ಬೆಳೆಯಿತು. ಚಿನ್ನ, ಅಕ್ಕಿ, ಹತ್ತಿ, ವಿದ್ಯುತ್ತು, ಇವುಗಳ ಜೊತೆಗೆ ದುಡಿಯುವ ತೋಳುಗಳು, ಇವಿಷ್ಟನ್ನೂ ಹೊರಕ್ಕೆ ಕಳಿಸುವ ನಾಡಿಗೆ ಮರಳಿ ಬಂದುದು ಸಾಲದೆಂಬ ಭಾವನೆ ಇಲ್ಲಿಯ ಜನರಲ್ಲಿ ಬೇರೂರಿದ್ದರೆ ಅದು ನಿಷ್ಕಾರಣವಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371(ಜೆ) ವಿಧಿಯು ಸೇರಿತು. ವಿದ್ಯಾಭ್ಯಾಸ, ಉದ್ಯೋಗಗಳಲ್ಲಿ ಈ ಭಾಗದವರಿಗೆ ಮೀಸಲು ಪಾಲು ದೊರೆಯಿತು. 2009ರಲ್ಲಿ ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪನೆಯಾದುದೂ ಶುಭದ ಸಂಗತಿ.

ಮುಂದಿನ ದಾರಿ

ಜಲಾಶಯದಲ್ಲಿ ಕಳೆದುಹೋದ ಜಾಗಕ್ಕೆ ಪ್ರತಿಯಾಗಿ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಪ್ರಸ್ತಾಪವಿದೆ. ಅದು ಆಗಲಿ. ಆದರೆ ನೀರನ್ನು ಹೆಚ್ಚಿಸಿದ ಮಾತ್ರಕ್ಕೆ ಈ ನಾಡಿನ ಸಮಸ್ಯೆ ಬಗೆಹರಿಯದೆಂಬುದಕ್ಕೆ ಕಳೆದ ಎಪ್ಪತ್ತು ವರ್ಷಗಳ ಅನುಭವವೇ ಸಾಕ್ಷಿ. 1953ರಲ್ಲಿ ನೀರು ಬಂದಿತು. ಅದನ್ನು ಅಳೆದು ಹಂಚುವ ಕಟ್ಟುಪಾಡು ನೆಲೆಗೊಳ್ಳಲಿಲ್ಲ. ಭತ್ತ ಬೆಳೆದವನದೇ ತಪ್ಪೆಂದು ಹೇಳುವುದು ನ್ಯಾಯವಲ್ಲ. ಭತ್ತಕ್ಕೆ ಸಿಗುವಷ್ಟು ಭರವಸೆಯ ಮಾರುಕಟ್ಟೆಯು ಜೋಳಕ್ಕೂ ತೊಗರಿಗೂ ಸಿಕ್ಕಿದ್ದರೆ ಅವನು ಅವುಗಳನ್ನೇ ಬೆಳೆಯುತ್ತಿದ್ದನೋ ಏನೋ! ಎರೆಯ ಹೊಲಕ್ಕೆ ಎರೆಗೆ ತಕ್ಕ ಬೆಳೆ, ಆ ಬೆಳೆಗೆ ತಕ್ಕ ಬೆಲೆ, ಕಾಲುವೆಯ ತಲೆಗೂ ಬುಡಕ್ಕೂ ಒಂದೇ ಅಳತೆಗೋಲು, ನೀರು ಕೊಡುವಾಗಲೇ ಅದು ಬಸಿದು ಹೋಗಲು ದಾರಿ. ಇವು ನಾಲ್ಕೂ ಒಟ್ಟಿಗೆ ಆಗಬೇಕು.

ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಅನೇಕರು ಒಕ್ಕಲು ಮನೆತನಗಳಿಂದ ಬಂದವರು. ಭೂಗೋಳ, ಅರ್ಥಶಾಸ್ತ್ರಗಳ ಪುಸ್ತಕದಲ್ಲಿ ಓದುವ ಮಣ್ಣು, ಮಳೆ, ಮಾರುಕಟ್ಟೆಗಳು ಅವರ ಊರಿನ ಹೊಲದಲ್ಲಿಯೇ ಇವೆ. ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಊರಿನ ಕಾಲುವೆಯ ನೀರು ಎಲ್ಲಿಯವರೆಗೆ ಹೋಗುವುದು, ಎಲ್ಲಿ ನಿಲ್ಲುವುದು, ಅಲ್ಲಿಂದಾಚೆಯ ಹೊಲದವರು ಏನು ಮಾಡುವರು ಎಂಬುದನ್ನು ನಡೆದು ನೋಡಿ ಬರೆದಿಟ್ಟುಕೊಂಡರೆ, ಅದೊಂದು ಒಳ್ಳೆಯ ಅಭ್ಯಾಸವಾಗುವುದು. ನಾಳೆ ಅಧಿಕಾರದ ಸ್ಥಾನಕ್ಕೆ ಹೋಗುವವರಿಗೆ ಉಪಯೋಗಕ್ಕೂ ಬರುವುದು.